ನಮ್ಮ ಕೇರಿ, ಅವರ ಬೀಗ

ನಮ್ಮ ಕೇರಿಯ ಕಷ್ಟವನ್ನು ನಾವೇ ಓದಬೇಕಾದರೆ ಡಾಲರು ತೆರಬೇಕು. ಇದು ಕವಿಗಳ ಉತ್ಪ್ರೇಕ್ಷೆಯಲ್ಲ ಗೆಳೆಯರೇ, ಲೆಕ್ಕದ ಮಾತು. ಹೊಲಗೇರಿಗೆ, ಮಾದಿಗರ ಹಟ್ಟಿಗೆ ಸಂಶೋಧಕರು ಬರುತ್ತಾರೆ. ಪ್ರಶ್ನಾವಳಿ ಹಿಡಿದು ಜಗುಲಿಯ ಮೇಲೆ ಕೂರುತ್ತಾರೆ. ನಲ್ಲಿ ಎಷ್ಟು ದೂರ, ಹೋಟೆಲಿನಲ್ಲಿ ಲೋಟ ಬೇರೆಯೋ ಒಂದೆಯೋ, ದೇವಸ್ಥಾನದ ಒಳಕ್ಕೆ ಬಿಡ್ತಾರೋ ಇಲ್ಲವೋ, ಗುಂಡಿಗೆ ಇಳಿಯುವವರು ಈಗಲೂ ಇದ್ದಾರೋ, ಮಗಳನ್ನು ಎಷ್ಟನೇ ಕ್ಲಾಸಿಗೆ ಬಿಡಿಸಿದಿರಿ. ನಮ್ಮ ಅವ್ವಂದಿರು ಕೂಲಿ ಬಿಟ್ಟು ಕೂತು ಉತ್ತರ ಹೇಳುತ್ತಾರೆ. ಕುಡಿಯುತ್ತಾರೋ ಇಲ್ಲವೋ ಎಂಬ ಅಳುಕಿನಲ್ಲೇ ನೀರು ತಂದಿಡುತ್ತಾರೆ. ಎರಡು ಮೂರು ವರ್ಷ ಕಳೆದ ಮೇಲೆ ಆ ಉತ್ತರಗಳೆಲ್ಲ ಇಂಗ್ಲಿಷಿನಲ್ಲಿ ಲೇಖನವಾಗಿ, ಯಾವುದೋ ಸೀಮೆಯ ಜರ್ನಲ್ಲಿನಲ್ಲಿ ಪ್ರಕಟವಾಗುತ್ತವೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಲೇಖನದ ಹೆಸರು ಸಿಗುತ್ತದೆ. ಹತ್ತು ಸಾಲಿನ ಸಾರಾಂಶ ಸಿಗುತ್ತದೆ. ಅದರ ಕೆಳಗೆ ಒಂದು ಬೀಗದ ಚಿತ್ರ. ಒಳಕ್ಕೆ ಹೋಗಬೇಕಾ, ಮೂವತ್ತೋ ನಲವತ್ತೋ ಡಾಲರು ಇಡಿ.

35 ಡಾಲರು ಅಂದರೆ ಮೂರು ಸಾವಿರ ರೂಪಾಯಿಗೆ ಮೋಸವಿಲ್ಲ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಎಂಟು ದಿನ ಕೆರೆಯ ಹೂಳು ಎತ್ತಿದರೆ ನಮ್ಮವ್ವ ತಾನೇ ಹೇಳಿದ ಉತ್ತರವನ್ನು ಒಂದು ಸಲ ಓದಬಹುದು. ಓದು ಬಂದರೆ. ಇಂಗ್ಲಿಷು ಬಂದರೆ.

ಹಿಂದೆ ನಮ್ಮನ್ನು ಅಕ್ಷರದಿಂದ ಆಚೆ ಇಟ್ಟವರಿಗೆ ಶಾಸ್ತ್ರದ ಬಲ ಬೇಕಾಗಿತ್ತು. ಈಗಿನವರಿಗೆ ಕಾಪಿರೈಟ್ ಕಾಯ್ದೆ ಸಾಕು. ಇಂಟರ್‌ನೆಟ್ಟು ಬಂತು, ಜ್ಞಾನ ಇನ್ನು ಎಲ್ಲರದು, ಹಳ್ಳಿ ದಿಲ್ಲಿ ಒಂದೇ ಎಂದು ಭಾಷಣ ಬಿಗಿಯುವ ದೊಡ್ಡ ಮನುಷ್ಯರಿದ್ದಾರಲ್ಲ, ಅವರಿಗೆ ನಾವು ಕೇಳುವುದು ಇಷ್ಟೆ: ಸ್ವಾಮಿ, ಆ ಬೀಗದ ಕೈ ಯಾರ ಸೊಂಟದಲ್ಲಿದೆ?

ಈ ವ್ಯಾಪಾರ ಹೇಗೆ ನಡೆಯುತ್ತದೆ ಎನ್ನುವುದನ್ನು ನಮ್ಮ ಹಳ್ಳಿಯ ಮೇಷ್ಟರುಗಳೂ ಸಂಘಟನೆಯ ಗೆಳೆಯರೂ ತಿಳಿದಿರಲೇಬೇಕು. ಅದು ನಮಗೆ ಅಪರಿಚಿತವೇನೂ ಅಲ್ಲ. ಉತ್ತವನು ಒಬ್ಬ, ಕಣ ಮಾಡಿದವನು ಇನ್ನೊಬ್ಬ, ರಾಗಿ ಮಾತ್ರ ಗೌಡನ ಹಗೇವಿಗೆ. ಲೇಖನ ಬರೆಯುವವನು ಪ್ರಾಧ್ಯಾಪಕ, ಇಲ್ಲವೇ ಸಂಶೋಧನಾ ವಿದ್ಯಾರ್ಥಿ. ಅವನ ಸಂಬಳ, ಫೆಲೋಶಿಪ್ಪು ಬಹುಪಾಲು ಸರ್ಕಾರದ್ದು. ಅಂದರೆ ಬೆಂಕಿಪೊಟ್ಟಣ ಕೊಂಡವನೂ ತೆತ್ತ ತೆರಿಗೆಯದು. ಬರೆದದ್ದಕ್ಕೆ ಜರ್ನಲ್ಲಿನವರು ಒಂದು ಕಾಸೂ ಕೊಡುವುದಿಲ್ಲ. ಬರೆದದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವವರು ಇನ್ನಿಬ್ಬರು ಪ್ರಾಧ್ಯಾಪಕರು. ಅವರದೂ ಸಾಮಾನ್ಯವಾಗಿ ಬಿಟ್ಟಿ ಚಾಕರಿಯೇ. ಕೊನೆಗೆ ಬರೆದವನು ತನ್ನ ಕೃತಿಸ್ವಾಮ್ಯವನ್ನೇ ಪ್ರಕಾಶಕನಿಗೆ ಬರೆದುಕೊಟ್ಟು ಸಹಿ ಹಾಕುತ್ತಾನೆ. ಆ ಪ್ರಕಾಶಕ ಅದೇ ಲೇಖನವನ್ನು ತಿರುಗಿಸಿ ಅದೇ ವಿಶ್ವವಿದ್ಯಾಲಯದ ಲೈಬ್ರರಿಗೆ ಮಾರುತ್ತಾನೆ. ಹೊಲವೂ ನಮ್ಮದೇ, ಬಿತ್ತನೆಯೂ ನಮ್ಮದೇ, ಕೊನೆಗೆ ಸೇರಿನ ಲೆಕ್ಕದಲ್ಲಿ ನಾವೇ ಕೊಂಡು ತರಬೇಕು.

1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಶುರು ಮಾಡಿದಾಗ ಜರ್ನಲ್ಲು ಅನ್ನುವುದು ವಿದ್ವಾಂಸರು ಒಬ್ಬರಿಗೊಬ್ಬರು ಬರೆದ ಕಾಗದದ ಥರ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ರಾಬರ್ಟ್ ಮ್ಯಾಕ್ಸ್‌ವೆಲ್‌ನಂಥ ಚಾಲಾಕಿಗಳು ಅದರಲ್ಲಿ ಚಿನ್ನದ ಗಣಿ ಕಂಡರು. ಅವನ ಪರ್ಗಮನ್ ಪ್ರೆಸ್ಸನ್ನು 1991ರಲ್ಲಿ ಎಲ್ಸೆವಿಯರ್ ಕೊಂಡುಕೊಂಡಿತು. ಆ ಎಲ್ಸೆವಿಯರಿನ ಲಾಭ ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ 37, 38ರ ಆಸುಪಾಸು. ಪ್ರಕಟಣೆಗೆ ಖರ್ಚಿಲ್ಲವೇನ್ರಯ್ಯ ಎಂದು ಕೇಳುವವರಿದ್ದಾರೆ. ಇದೆ. ಈ ನಮ್ಮ ಪತ್ರಿಕೆಗೂ ಇದೆ. ಅಚ್ಚಿನ ಮನೆಯ ಬಾಕಿ ಇನ್ನೂ ತೀರಿಲ್ಲ. ಆದರೆ ಬರೆಯುವವನಿಗೆ ಸಂಬಳವಿಲ್ಲದೆ, ತಿದ್ದುವವನಿಗೆ ಕೂಲಿಯಿಲ್ಲದೆ, ನೂರಕ್ಕೆ 37 ಎತ್ತುವವನು ಖರ್ಚಿನ ಮಾತಾಡಬಾರದು.

ಇಂಟರ್‌ನೆಟ್ಟನ್ನು ನಾವು ಬಯ್ಯುತ್ತಿಲ್ಲ. ಅದು ಗೊತ್ತಿರಲಿ. ನಾವು, ಹೆಬ್ಬೆಟ್ಟು ಒತ್ತಿದವರ ಮಕ್ಕಳು, ನಮ್ಮ ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ಕಾಗದ ಕಂಡವರು, ಬಾಬಾಸಾಹೇಬರನ್ನು ಓದಿದ್ದು ಕಾಲೇಜಿನ ಲೈಬ್ರರಿಯಲ್ಲಲ್ಲ. ಅಲ್ಲಿ ಗಾಜಿನ ಬೀರು, ಬೀರುವಿಗೆ ಬೀಗ, ಬೀಗದ ಕೈ ಹಿಡಿದ ಲೈಬ್ರೇರಿಯನ್ ಮಧ್ಯಾಹ್ನದ ಊಟಕ್ಕೆ ಹೋಗಿರುತ್ತಿದ್ದ. ನಾವು ಓದಿದ್ದು ಹಾಸ್ಟೆಲಿನ ಮಂಚದ ಮೇಲೆ, ಗಾಜು ಒಡೆದ ಫೋನಿನಲ್ಲಿ. ಮಹಾರಾಷ್ಟ್ರ ಸರ್ಕಾರ 1979ರಿಂದ ಹೊರತಂದ ಅಂಬೇಡ್ಕರ್ ಸಂಪುಟಗಳು ಪಿಡಿಎಫ್ ಆಗಿ ಯಾರ ಫೋನಿಗಾದರೂ ಇಳಿಯುತ್ತವೆ. ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ‘ಅನಿಹಿಲೇಶನ್ ಆಫ್ ಕಾಸ್ಟ್’ ಟಿಪ್ಪಣಿ ಸಮೇತ ಪುಕ್ಕಟೆ ಇದೆ.

ಆ ಪುಸ್ತಕದ ಕಥೆಯಲ್ಲೇ ಬೆಲೆಯ ಜಗಳವಿದೆ. 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಬಾಬಾಸಾಹೇಬರನ್ನು ಭಾಷಣಕ್ಕೆ ಕರೆಯಿತು. ಬರೆದ ಭಾಷಣ ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಬಾಬಾಸಾಹೇಬರು ಅದನ್ನು ತಾವೇ ಅಚ್ಚು ಹಾಕಿಸಿದರು. 1500 ಪ್ರತಿ ಎರಡು ತಿಂಗಳಲ್ಲಿ ಖಾಲಿ. ಬೆಲೆ ಎಂಟಾಣೆ. ಗಾಂಧೀಜಿಯವರು ‘ಹರಿಜನ’ ಪತ್ರಿಕೆಯಲ್ಲಿ ಎಂಟಾಣೆ ಹೆಚ್ಚಾಯಿತು, ಎರಡಾಣೆಗೋ ನಾಲ್ಕಾಣೆಗೋ ಇಳಿಸಬಹುದಿತ್ತು ಎಂದು ಸಲಹೆ ಕೊಟ್ಟರು. ಒಳಗಿನ ಮಾತಿಗೆ ಉತ್ತರ ಕೊಡುವುದು ಕಷ್ಟವಾದಾಗ ಬೆಲೆಯ ಮಾತು ಬರುತ್ತದೆ ಎಂದು ನಾವು ನಕ್ಕುಬಿಡಬಹುದು. ಆದರೆ ಆ ಸಲಹೆಯಲ್ಲೂ ಒಂದು ನ್ಯಾಯವಿದೆ. ಎಂಟಾಣೆ ಹೆಚ್ಚಾಯಿತು ಎಂದು ಅವತ್ತು ಒಬ್ಬರಾದರೂ ಬರೆದರು. 35 ಡಾಲರು ಹೆಚ್ಚಾಯಿತು ಎಂದು ನಮ್ಮ ಯಾವ ಕುಲಪತಿ ಬರೆದಿದ್ದಾರೆ?

ಇನ್ನೊಂದು ಮಾತು. 1916ರ ಮೇ 9ರಂದು ಕೊಲಂಬಿಯಾದ ಒಂದು ಸೆಮಿನಾರಿನಲ್ಲಿ ಬಾಬಾಸಾಹೇಬರು ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದರು. ಅವರಿಗಾಗ 25 ವರ್ಷ. ನಮ್ಮದೇ ವಯಸ್ಸು. ಮರುವರ್ಷ ಅದು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾಯಿತು. ಇವತ್ತು ಅದನ್ನು ಯಾರು ಬೇಕಾದರೂ ಓದಬಹುದು, ಕೃತಿಸ್ವಾಮ್ಯದ ಅವಧಿ ಮುಗಿದಿದೆ. ಅದೇ ಪ್ರಬಂಧವನ್ನು ಇವತ್ತು ಒಬ್ಬ ಮಹಾರ್ ಹುಡುಗನೋ ಹೊಲೆಯರ ಹುಡುಗಿಯೋ ಬರೆದರೆ, ದೊಡ್ಡ ಕಂಪನಿಯ ಜರ್ನಲ್ಲೇ ಅಚ್ಚು ಹಾಕಿದರೆ, ಅದು ಬೀಗದ ಹಿಂದೆ ಇರುತ್ತದೆ. ಈ ದೇಶದ ಕಾಯ್ದೆಯಲ್ಲಿ ಬರೆದವರು ಸತ್ತ ಮೇಲೂ 60 ವರ್ಷ ಆ ಹಕ್ಕು ಜೀವಂತ.

ಕಾಗದದ ಕಾಲದಲ್ಲಿ ಒಂದು ನೆಪವಿತ್ತು. ಪ್ರತಿ ಪ್ರತಿಗೂ ಕಾಗದ, ಮಸಿ, ಅಂಚೆ. ಇಂಟರ್‌ನೆಟ್ಟು ಬಂದು ಆ ನೆಪ ಹೋಯಿತು. ಒಂದು ಪ್ರತಿ ಇದ್ದರೆ ಕೋಟಿ ಪ್ರತಿ ಇದ್ದ ಹಾಗೆ. 1991ರಲ್ಲೇ ಪಾಲ್ ಗಿನ್ಸ್‌ಪಾರ್ಗ್ ಎಂಬ ಅಮೆರಿಕದ ಭೌತವಿಜ್ಞಾನಿ ಲೇಖನಗಳನ್ನು ಹಂಚಲು ‘ಆರ್ಕೈವ್’ ಎಂದು ಈಗ ಹೆಸರಾಗಿರುವ ಕಣಜವನ್ನು ಶುರು ಮಾಡಿದ. 2002ರಲ್ಲಿ ಬುಡಾಪೆಸ್ಟ್ ಘೋಷಣೆ ಬಂತು: ಸಂಶೋಧನೆ ಎಲ್ಲರಿಗೂ ಮುಕ್ತವಾಗಿರಲಿ. ಯಂತ್ರ ಗೋಡೆ ಒಡೆಯಲು ಸಿದ್ಧವಾಗಿತ್ತು. ಗೋಡೆಯ ಒಡೆಯರು ಅದೇ ಯಂತ್ರದಿಂದ ಇನ್ನೂ ಗಟ್ಟಿಯಾದ ಗೋಡೆ ಕಟ್ಟಿಸಿದರು. ಕಾಗದದ ಜರ್ನಲ್ಲು ಕೊಂಡರೆ ಅದು ಲೈಬ್ರರಿಯ ಸ್ವತ್ತು. ಚಂದಾ ನಿಲ್ಲಿಸಿದರೂ ಹಳೆಯ ಸಂಚಿಕೆ ಕಪಾಟಿನಲ್ಲಿ ಇರುತ್ತಿತ್ತು. ಈಗ ಕೊಳ್ಳುವುದು ಪುಸ್ತಕವನ್ನಲ್ಲ, ಇಣುಕುವ ಪರವಾನಗಿಯನ್ನು. ಬಾಡಿಗೆ ನಿಂತಿತೋ, ಬಾಗಿಲು ಬಿತ್ತು.

ಬಾಗಿಲು ತಟ್ಟಿದವರಿಗೆ ಏನಾಯಿತು ನೋಡಿ. ಆರನ್ ಸ್ವಾರ್ಟ್ಜ್ ಎಂಬ ಅಮೆರಿಕದ ಹುಡುಗ ಎಂಐಟಿಯ ಜಾಲದಿಂದ ಜೆಸ್ಟೋರ್ ಎಂಬ ಕಣಜದ ಲಕ್ಷಗಟ್ಟಲೆ ಲೇಖನ ಇಳಿಸಿಕೊಂಡ. 2011ರ ಜನವರಿಯಲ್ಲಿ ಬಂಧಿಸಿದರು, ದೊಡ್ಡ ದೊಡ್ಡ ಕಲಮುಗಳನ್ನು ಹೇರಿದರು. 2013ರ ಜನವರಿ 11ರಂದು ಆತ ನೇಣು ಹಾಕಿಕೊಂಡ. ವಯಸ್ಸು 26. ಅದೇ 2011ರಲ್ಲಿ ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಕ್ಯಾನ್ ಎಂಬ ಹುಡುಗಿ ಸೈ-ಹಬ್ ತೆರೆದಳು. ಬೀಗ ಹಾಕಿದ ಲೇಖನಗಳನ್ನು ಬೀಗವಿಲ್ಲದೆ ಕೊಡುವ ತಾಣ. 2015ರ ಸೆಪ್ಟೆಂಬರಿನಿಂದ ಆರು ತಿಂಗಳಲ್ಲಿ ಅಲ್ಲಿಂದ ಇಳಿದ ಸುಮಾರು 2.8 ಕೋಟಿ ಲೇಖನಗಳಲ್ಲಿ 34 ಲಕ್ಷ ಇಳಿದದ್ದು ಭಾರತಕ್ಕೆ ಎಂದು ‘ಸೈನ್ಸ್’ ಪತ್ರಿಕೆಯೇ ಲೆಕ್ಕ ಕೊಟ್ಟಿತು. ಇದು ಕಳ್ಳರ ಸಂಖ್ಯೆಯೋ, ಹಸಿದವರ ಸಂಖ್ಯೆಯೋ? 2020ರ ಡಿಸೆಂಬರಿನಲ್ಲಿ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ದೆಹಲಿ ಹೈಕೋರ್ಟಿಗೆ ಹೋದರು. 2025ರ ಆಗಸ್ಟಿನಲ್ಲಿ ಆ ತಾಣವನ್ನು ದೇಶದಲ್ಲಿ ಮುಚ್ಚಿಸಲು ಕೋರ್ಟು ಆಜ್ಞೆ ಮಾಡಿತು.

ಅದೇ ಕೋರ್ಟು ಒಮ್ಮೆ ಬೇರೆ ಮಾತನ್ನೂ ಆಡಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್, ಈ ಮೂರು ದೊಡ್ಡ ಪ್ರಕಾಶನಗಳು ಸೇರಿ ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಕೇಸು ಹಾಕಿದ್ದವು. ಅಂಗಡಿಯ ಹೆಸರು ರಾಮೇಶ್ವರಿ. ಪಾಠಕ್ಕೆ ಬೇಕಾದ ಅಧ್ಯಾಯಗಳನ್ನು ಹುಡುಗರಿಗೆ ಜೆರಾಕ್ಸ್ ಮಾಡಿ ಕೊಡುತ್ತಿದ್ದದ್ದೇ ಅಪರಾಧ. 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಕೇಸು ವಜಾ ಮಾಡಿದರು. ಕಾಪಿರೈಟ್ ಎನ್ನುವುದು ದೈವದತ್ತವಾದ ಹಕ್ಕಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ದೈವದತ್ತ ಎಂಬ ಶಬ್ದದ ಭಾರ ನಮಗೆ ಗೊತ್ತು. ಅದನ್ನು ಹೊತ್ತವರು ನಾವು. ಆ ವರ್ಷದ ಡಿಸೆಂಬರಿನಲ್ಲಿ ದ್ವಿಸದಸ್ಯ ಪೀಠವೂ ಮುಖ್ಯ ಮಾತಿನಲ್ಲಿ ಹುಡುಗರ ಪರ ನಿಂತಿತು. 2017ರಲ್ಲಿ ಪ್ರಕಾಶಕರು ಕೇಸು ವಾಪಸು ತೆಗೆದರು.

ಈಗ ಕೇಳಿ. ಆ ಮೂವರಲ್ಲಿ ಒಬ್ಬರಾದ ಟೇಲರ್ ಅಂಡ್ ಫ್ರಾನ್ಸಿಸ್, ಅದರ ಒಡೆಯ ಇನ್ಫಾರ್ಮಾ ಕಂಪನಿ, 2024ರಲ್ಲಿ ತನ್ನ ಬರಹಗಳನ್ನು ಕೃತಕ ಬುದ್ಧಿಯ ಯಂತ್ರಕ್ಕೆ ಓದಿಸಲು ಮೈಕ್ರೋಸಾಫ್ಟಿನ ಜೊತೆ ಒಪ್ಪಂದ ಮಾಡಿಕೊಂಡಿತು. ಮೊದಲ ಕಂತೇ ಒಂದು ಕೋಟಿ ಡಾಲರು. ನಮ್ಮನ್ನು ಯಾರೂ ಕೇಳಲೇ ಇಲ್ಲ ಎಂದು ಎಷ್ಟೋ ಲೇಖಕರು ಗೋಳಿಟ್ಟರು. ಯಂತ್ರ ಓದಬಹುದು. ದುಡ್ಡು ಬರುತ್ತದಲ್ಲ. ಹುಡುಗಿಯೊಬ್ಬಳು ಐವತ್ತು ಪುಟ ಜೆರಾಕ್ಸ್ ಮಾಡಿಸಿದರೆ ಮಾತ್ರ ಕಳ್ಳತನ!

ಇಷ್ಟು ಹೊತ್ತಿಗೆ ನಮ್ಮ ಓದುಗರಲ್ಲಿ ಕಾಲೇಜಿನಲ್ಲಿರುವವರು ಒಂದು ಆಕ್ಷೇಪ ಎತ್ತಿರುತ್ತಾರೆ. ಸರ್ಕಾರ ದುಡ್ಡು ಕೊಟ್ಟಿದೆಯಲ್ಲ ಅಂತ. ಕೊಟ್ಟಿದೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ‘ಒಂದು ದೇಶ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್ಲುಗಳು 6300ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳಿಗೆ. ಸುಮಾರು 1.8 ಕೋಟಿ ಜನಕ್ಕೆ ಉಪಯೋಗ ಎಂದು ಹೇಳಿದ್ದಾರೆ. ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿನ ಹುಡುಗಿಗೂ ದೆಹಲಿಯ ಹುಡುಗ ಓದುವುದೇ ಸಿಗಬಹುದು ಎನ್ನುವುದು ಸಣ್ಣ ಮಾತಲ್ಲ. ಸರ್ಕಾರದ ಮೇಲಿನ ಸಿಟ್ಟಿಗೆ ಅದನ್ನು ಅಲ್ಲಗಳೆಯುವಷ್ಟು ದಡ್ಡರಲ್ಲ ನಾವು.

ಆದರೆ ಬೀಗ ಒಡೆಯಲಿಲ್ಲ. ಬೀಗದ ಒಡೆಯನಿಗೆ 6000 ಕೋಟಿ ಕೊಟ್ಟು, ಕೆಲವರಿಗೆ ಕೀಲಿ ಬಾಡಿಗೆಗೆ ತಂದರು. ಆ ಕೀಲಿಗೆ ಹೆಸರು ಲಾಗಿನ್. ಲಾಗಿನ್ ಸಿಗುವುದು ಸಂಸ್ಥೆಯ ಒಳಗಿದ್ದವನಿಗೆ. ಘಟಿಕೋತ್ಸವ ಮುಗಿದು ಬಾಡಿಗೆ ಗೌನು ವಾಪಸು ಕೊಟ್ಟ ಸ್ವಲ್ಪ ದಿನಕ್ಕೆ ಪಾಸ್‌ವರ್ಡೂ ಸಾಯುತ್ತದೆ. ನಮ್ಮಲ್ಲಿ ಎಷ್ಟು ಜನ ಎಂ.ಎ. ಮಾಡಿ ಊರಿಗೆ ವಾಪಸು ಬಂದು ಗಾರೆ ಕೆಲಸ, ಡೆಲಿವರಿ ಕೆಲಸ, ಅತಿಥಿ ಶಿಕ್ಷಕರ ಕೆಲಸ ಮಾಡುತ್ತಿಲ್ಲ? ಅವರ ಓದು ಅಲ್ಲಿಗೆ ಮುಗಿಯಬೇಕೇ? ಈ ಪತ್ರಿಕೆ ಓದುವ ಪ್ರಾಥಮಿಕ ಶಾಲೆಯ ಮೇಷ್ಟರಿಗೆ ಲಾಗಿನ್ ಇಲ್ಲ. ದೌರ್ಜನ್ಯದ ಕೇಸು ಹಿಡಿದು ಠಾಣೆ ಕಚೇರಿ ಅಲೆಯುವ ಸಂಘದ ಕಾರ್ಯಕರ್ತನಿಗೆ ಇಲ್ಲ. ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳು ಯಾಕೆ ಬಿದ್ದುಹೋಗುತ್ತವೆ ಎಂಬ ಬಗ್ಗೆ ಬರೆದ ಲೇಖನ ಯಾರಿಗೆ ಹೆಚ್ಚು ಬೇಕು ಹೇಳಿ, ಬಡ್ತಿಗೆ ಕಾದಿರುವ ಪ್ರೊಫೆಸರಿಗೋ, ನಾಳೆ ಬೆಳಿಗ್ಗೆ ಕೋರ್ಟಿನ ಕಟ್ಟೆ ಹತ್ತುವವನಿಗೋ? ಮುಂದಿನ ಹಂತಗಳಲ್ಲಿ ಹೊರಗಿನವರಿಗೂ ಕೊಡುತ್ತೇವೆ ಎಂಬ ಮಾತಿದೆ. ಹಂತ ಹಂತವಾಗಿ ಎಂಬ ಮಾತನ್ನು ನಾವು ಕೆರೆಯ ನೀರಿನ ಕಾಲದಿಂದ ಕೇಳುತ್ತಿದ್ದೇವೆ.

ಬೇರೆ ದಾರಿ ಇಲ್ಲವೇ ಎಂದರೆ, ಆ ದಾರಿಯನ್ನೂ ಇದೇ ದೇಶ ಮಾಡಿ ತೋರಿಸಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ದಲ್ಲಿ ದೇಶದ ಲಕ್ಷಾಂತರ ಪಿಎಚ್.ಡಿ. ಪ್ರಬಂಧಗಳಿವೆ. ಲಾಗಿನ್ ಬೇಡ, ಡಾಲರು ಬೇಡ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಇವೆ. ಕುರಿ ಕಾಯುವವನೂ ತೆಗೆದು ಓದಬಹುದು. ಚಂದಾ ಯೋಜನೆಯನ್ನು ನೋಡಿಕೊಳ್ಳುವುದೂ ಅದೇ ಇನ್‌ಫ್ಲಿಬ್‌ನೆಟ್. ಒಂದು ಕೈಯಲ್ಲಿ ತೆರೆದ ಬಾಗಿಲು, ಇನ್ನೊಂದು ಕೈಯಲ್ಲಿ ಬಾಡಿಗೆಯ ಕೀಲಿಗೊಂಚಲು.

ಇಲ್ಲಿಂದ ಮುಂದಿನದು ಇನ್ನೂ ನಾಜೂಕಾದ ಹುನ್ನಾರ. ಇದನ್ನು ನಿಧಾನವಾಗಿ ಹೇಳಬೇಕು. ಓದುವವರು ಗಲಾಟೆ ಮಾಡಿದರು, ಮುಕ್ತವಾಗಿರಲಿ ಎಂದರು. ಸರಿ, ಮುಕ್ತ ಮಾಡೋಣ ಎಂದರು ಒಡೆಯರು. ಓದುವವರು ದುಡ್ಡು ಕೊಡಬೇಡಿ, ಬರೆಯುವವರು ಕೊಡಿ! ಇದಕ್ಕೆ ಎಪಿಸಿ ಎಂದು ಹೆಸರು, ಲೇಖನವನ್ನು ಸಂಸ್ಕರಿಸುವ ಶುಲ್ಕ. ‘ನೇಚರ್’ ಪತ್ರಿಕೆಯಲ್ಲಿ ಲೇಖನವನ್ನು ಮುಕ್ತವಾಗಿ ಪ್ರಕಟಿಸಲು 2021ರ ಜನವರಿಯಿಂದ 9500 ಯೂರೋ ಇಟ್ಟರು. ಅಂದಿನ ಲೆಕ್ಕದಲ್ಲೇ ಎಂಟು ಲಕ್ಷ ರೂಪಾಯಿಗೂ ಮೇಲೆ. ಯುಜಿಸಿಯ ಜೂನಿಯರ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000. ಅದು ತಿಂಗಳು ತಿಂಗಳು ಸರಿಯಾಗಿ ಬಂದರೂ (ನಗಬೇಡಿ) ಎರಡು ವರ್ಷ ಅನ್ನ ತಿನ್ನದೆ ಕೂಡಿಟ್ಟರೆ ಒಂದು ಲೇಖನ. ಎಲ್ಲ ಜರ್ನಲ್ಲೂ ಇಷ್ಟು ಕೇಳುವುದಿಲ್ಲ, ನಿಜ. ಸಾವಿರ, ಎರಡು ಸಾವಿರ ಡಾಲರಿನವು ಬೇಕಾದಷ್ಟಿವೆ. ಬಡ ದೇಶಗಳಿಗೆ ಮಾಫಿ ಉಂಟು, ಆದರೆ ಭಾರತ ದೊಡ್ಡ ಆರ್ಥಿಕ ಶಕ್ತಿಯಂತೆ, ಆ ಪಟ್ಟಿಗಳಲ್ಲಿ ನಮ್ಮ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಎಪಿಸಿಗೂ ಸರ್ಕಾರ ಒಂದಿಷ್ಟು ತೆಗೆದಿಟ್ಟಿದೆ. ಅದು ಮೊದಲು ಯಾವ ಊರಿನ, ಯಾವ ಸಂಸ್ಥೆಯ, ಯಾವ ಗುರುವಿನ ಶಿಷ್ಯರ ಕೈಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕೇ?

ಅರ್ಥವಾಯಿತಲ್ಲ? ಮೊದಲು ಬೀಗ ಓದುವವನ ಬಾಗಿಲಿಗಿತ್ತು. ಈಗ ಅದನ್ನು ಕಳಚಿ ಬರೆಯುವವನ ಬಾಗಿಲಿಗೆ ಹಾಕುತ್ತಿದ್ದಾರೆ. ಇನ್ನು ಹತ್ತು ವರ್ಷಕ್ಕೆ ನಮ್ಮ ಕೇರಿಯ ಹುಡುಗ ಜಗತ್ತಿನ ಎಲ್ಲವನ್ನೂ ಓದಬಹುದು, ತನ್ನ ಕೇರಿಯ ಬಗ್ಗೆ ಬೇರೆಯವರು ಬರೆದದ್ದನ್ನೂ ಓದಬಹುದು. ಅದು ಸುಳ್ಳು, ನಡೆದದ್ದು ಹೀಗಲ್ಲ ಎಂದು ಅದೇ ಜಾಗದಲ್ಲಿ ಬರೆಯಲು ಮಾತ್ರ ಎರಡು ಸಾವಿರ ಡಾಲರು ಬೇಕು. ಕೇಳಿಸಿಕೊಳ್ಳುವವರಾಗಿ ಇರಿ, ಹರಿಕಥೆಗೆ ಬನ್ನಿ, ಹೊರಗಡೆ ಚಾಪೆ ಹಾಕಿದೆ.

ಎರಡು ಸಾವಿರ ಡಾಲರು ಇಲ್ಲದವರಿಗೆ ಎರಡು ಸಾವಿರ ರೂಪಾಯಿಯ ಅಂಗಡಿ ತೆರೆದುಕೊಂಡಿತು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಶಬ್ದ ಆಡಿ ಮಂತ್ರಿಗಿರಿ ಕಳೆದುಕೊಂಡರು. ಇವತ್ತು ಅವರಿದ್ದಿದ್ದರೆ ಈ ಜರ್ನಲ್ಲುಗಳನ್ನು ನೋಡಿ ಇನ್ನೇನು ಅನ್ನುತ್ತಿದ್ದರೋ! ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್’ ಎಂದು ಶುರುವಾಗುವ ಉದ್ದನೆಯ ಹೆಸರು, ಒಂದು ಐಎಸ್ಎಸ್ಎನ್ ಸಂಖ್ಯೆ, ಸುಳ್ಳು ಇಂಪ್ಯಾಕ್ಟ್ ಫ್ಯಾಕ್ಟರು, ಬಣ್ಣದ ಸರ್ಟಿಫಿಕೇಟು. ಸೋಮವಾರ ಕಳಿಸಿದರೆ ಗುರುವಾರ ಅಚ್ಚು. ಯಾರೂ ಓದುವುದಿಲ್ಲ, ಪರೀಕ್ಷಿಸುವುದಂತೂ ಇಲ್ಲವೇ ಇಲ್ಲ. ಇವು ಹುಟ್ಟಿದ್ದು ಗಾಳಿಯಿಂದಲ್ಲ. ಅಧ್ಯಾಪಕರ ಬಡ್ತಿಯನ್ನು 2010ರಿಂದ ಅಂಕಕ್ಕೆ ಕಟ್ಟಿದವರು ಯುಜಿಸಿಯವರು. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಎಂದು 2016ರ ನಿಯಮದಲ್ಲಿ ಬರೆದವರೂ ಅವರೇ. ತಾವೇ ಒಪ್ಪಿದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ ಒಂದೇ ಏಟಿಗೆ 4305 ಜರ್ನಲ್ಲು ಕಿತ್ತುಹಾಕಿದರು. ಆಮೇಲೆ ‘ಕೇರ್’ ಎಂದು ಇನ್ನೊಂದು ಪಟ್ಟಿ ಮಾಡಿದರು. 2022ರ ನಿಯಮದಲ್ಲಿ ಲೇಖನದ ಕಡ್ಡಾಯವನ್ನು ತೆಗೆದರು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನೂ ಕೈಬಿಟ್ಟರು. ನಿಯಮ ಬದಲಾಯಿಸಿದವರ ಸಂಬಳ ಒಂದು ದಿನವೂ ನಿಲ್ಲಲಿಲ್ಲ.

ನಮ್ಮ ಜೊತೆ ಓದಿದ ಗೆಳತಿಯೊಬ್ಬಳು ತನ್ನೂರಿನ ಸೂಲಗಿತ್ತಿಯರ ಹಾಡುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಊರಿನ ಎಲ್ಲ ಜಾತಿಯ ಮಕ್ಕಳನ್ನೂ ಮುಟ್ಟಿ ಈಚೆಗೆ ತೆಗೆದ ಕೈಗಳು, ಮಗು ಅತ್ತ ಮೇಲೆ ಮೈಲಿಗೆಯಾಗುವ ಕೈಗಳು. ಅವರಲ್ಲಿ ಉಳಿದಿದ್ದವಳು ಒಬ್ಬಳೇ ಮುದುಕಿ. ಮೊದಲು ಎರಡು ಪೇಪರು ಪಬ್ಲಿಷ್ ಮಾಡ್ಕೊಂಡು ಬಾ, ಆಮೇಲೆ ಸಹಿ ಅಂದರು ಗೈಡು. ಏಳು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲದಲ್ಲಿ ದುಡ್ಡು ಕಟ್ಟಿದಳು. ಹಾಡುಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದಳು, ಯಾಕೆಂದರೆ ಕನ್ನಡದ ಅಕ್ಷರ ಹಾಕಿದರೆ ಅವರ ಫಾಂಟಿನಲ್ಲಿ ಚೌಕ ಚೌಕ ಬರುತ್ತಿತ್ತು. ಲೇಖನ ಬಂತು, ಸರ್ಟಿಫಿಕೇಟು ಬಂತು. ಈಗ ಆ ಜಾಲತಾಣವೇ ಇಲ್ಲ. ಅಂಗಡಿಯವನು ಬಾಗಿಲು ಎಳೆದುಕೊಂಡು ಎಲ್ಲಿಗೋ ಹೋಗಿದ್ದಾನೆ. ಮುದುಕಿ ತೀರಿಕೊಂಡಿದ್ದಾಳೆ. ಹಾಡು ಟೈಪಾಗಿದ್ದ ಲ್ಯಾಪ್‌ಟಾಪು ಬೇರೆಯವರದು, ಕೆಟ್ಟು ಮೂಲೆಗೆ ಬಿದ್ದಿದೆ. ಆ ಗೆಳತಿಯನ್ನು ಕಳ್ಳ ಜರ್ನಲ್ಲಿನಲ್ಲಿ ಬರೆದವಳು ಎಂದು ಸಂದರ್ಶನದಲ್ಲಿ ನಕ್ಕವರಿದ್ದಾರೆ. ನಾವು ನಗುವುದಿಲ್ಲ.

ಕನ್ನಡದ ಮಾತು ಬಂತು. ಜಗತ್ತಿನ ಜರ್ನಲ್ಲುಗಳ ಲೆಕ್ಕ ಇಡುವ ಸ್ಕೋಪಸ್ ಎಂಬ ಪಟ್ಟಿಯ ಒಡೆಯನೂ ಎಲ್ಸೆವಿಯರ್ರೇ. ಆಟಗಾರನೂ ಅವನೇ, ಅಂಪೈರೂ ಅವನೇ. ಆ ಲೆಕ್ಕದ ಮುಂದೆ ಕನ್ನಡದಲ್ಲಿ ಬರೆದದ್ದು ಬರೆದ ಹಾಗೇ ಅಲ್ಲ. ಇದಕ್ಕೆ ಅವರನ್ನು ಬೈದರಷ್ಟೇ ಸಾಲದು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪು ಮಾಡಿದ ಕನ್ನಡ ಯೂನಿಕೋಡ್ ಅಲ್ಲವಾದ್ದರಿಂದ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇದ್ದೂ ಇಲ್ಲದ ಹಾಗೆ. ಬ್ರೆಜಿಲ್ ದೇಶದವರು 1998ರಲ್ಲಿ ‘ಸೈಎಲೊ’ ಎಂಬ ಸಾರ್ವಜನಿಕ ಕಣಜ ಶುರು ಮಾಡಿದರು. ಸರ್ಕಾರದ ದುಡ್ಡು, ತಮ್ಮದೇ ಪೋರ್ಚುಗೀಸ್, ಸ್ಪ್ಯಾನಿಷ್ ಭಾಷೆಗಳು, ಓದುವವರಿಗೆ ಪುಕ್ಕಟೆ. ಲ್ಯಾಟಿನ್ ಅಮೆರಿಕದ ಹೆಚ್ಚಿನ ದೇಶಗಳು ಅದರಲ್ಲಿ ಸೇರಿವೆ. ನಮ್ಮಲ್ಲಿ ಕನ್ನಡದ ಹೆಸರಿನಲ್ಲೇ ವಿಶ್ವವಿದ್ಯಾಲಯವಿದೆ, ಅಕಾಡೆಮಿಗಳಿವೆ, ಪ್ರಾಧಿಕಾರಗಳಿವೆ, ಶಾಲು ಹಾರ ಬೇಕಾದಷ್ಟಿದೆ.

ನಮ್ಮ ಪ್ರಗತಿಪರ ಪ್ರೊಫೆಸರುಗಳಿಗೂ ಒಂದು ಮಾತು ಇದೆ. ಹೆಸರು ಬೇಡ, ಓದಿದವರಿಗೆ ತಮಗೇ ಗೊತ್ತಾಗುತ್ತದೆ. ದಲಿತರ ಬಗ್ಗೆ ಬರೆದು ದೊಡ್ಡವರಾದಿರಿ. ಸಂತೋಷ. ಏಪ್ರಿಲ್ 14ಕ್ಕೆ ನಮ್ಮ ವೇದಿಕೆಗೆ ಬಂದು ಜ್ಞಾನದ ಏಕಸ್ವಾಮ್ಯವನ್ನು ಬಯ್ಯುತ್ತೀರಿ, ಚಪ್ಪಾಳೆ ತಟ್ಟುತ್ತೇವೆ. ನೀವು ಬರೆದದ್ದು ಎಲ್ಲಿದೆ? ಬೀಗದ ಹಿಂದೆ. ಅಂತಿಮ ಕರಡನ್ನು ಒಂದಿಷ್ಟು ಕಾಲವಾದ ಮೇಲೆ ಸಾರ್ವಜನಿಕ ಕಣಜದಲ್ಲಿ ಇಡಲು ಬಹಳಷ್ಟು ಪ್ರಕಾಶಕರ ನಿಯಮಗಳೇ ಅನುಮತಿ ಕೊಡುತ್ತವೆ. ಕಾನೂನು ಮುರಿಯಿರಿ ಎಂದು ನಾವು ಕೇಳುತ್ತಿಲ್ಲ, ನಿಮಗಿರುವ ಅನುಮತಿಯನ್ನಾದರೂ ಬಳಸಿ. ಅರ್ಧ ಗಂಟೆಯ ಕೆಲಸ. ಯಾವ ಕೇರಿಯ ಮೇಲೆ ಬರೆದಿರೋ ಆ ಕೇರಿಗೆ ಕನ್ನಡದಲ್ಲಿ ನಾಲ್ಕು ಪುಟದ ಸಾರಾಂಶ ಕಳಿಸಿ. ತಪ್ಪಿದ್ದರೆ ನಮ್ಮ ಅವ್ವಂದಿರು ಹೇಳುತ್ತಾರೆ. ಅದೂ ಒಂದು ಪರೀಕ್ಷೆಯೇ.

ಆನ್‌ಲೈನ್ ಶಿಕ್ಷಣದ ಜಾಗಟೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಹಳ್ಳಿಯ ನೂರು ಮನೆಗಳಲ್ಲಿ ಇಂಟರ್‌ನೆಟ್ ಸೌಲಭ್ಯ ಇದ್ದದ್ದು 14.9ರಲ್ಲಿ, ಕಂಪ್ಯೂಟರ್ ಇದ್ದದ್ದು 4.4ರಲ್ಲಿ. 2020ರಲ್ಲಿ ಕಾಲೇಜು ಮುಚ್ಚಿ ಫೋನಿನಲ್ಲಿ ಪಾಠ ಎಂದಾಗ ಮಲೆನಾಡಿನ ಮಕ್ಕಳು ಸಿಗ್ನಲ್ಲಿಗೆ ಗುಡ್ಡ ಹತ್ತಿದರು. ಕೂಲಿಯವರ ಮನೆಯಲ್ಲಿ ಇದ್ದ ಒಂದು ಫೋನು ಮಗನ ಕೈಗೆ ಹೋಯಿತು, ಮಗಳು ಅವರೆಕಾಯಿ ಬಿಡಿಸಲು ಹೋದಳು. ಈಗ ಫೋನು ಹೆಚ್ಚಿವೆ. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ನೂರಕ್ಕೆ 40ರವರೆಗೆ ‘ಸ್ವಯಂ’ ತಾಣದಿಂದ ಕಲಿಯಬಹುದು ಎಂದು 2021ರ ಯುಜಿಸಿ ನಿಯಮ ಹೇಳುತ್ತದೆ. ಕಲಿಯಲಿ. ಆದರೆ ಆ ನಿಯಮ ತೋರಿಸಿ ಖಾಲಿ ಬಿದ್ದ ಅಧ್ಯಾಪಕರ ಹುದ್ದೆಗಳನ್ನು ಹಾಗೇ ಒಣಗಲು ಬಿಡುತ್ತಾರೋ ಎಂಬ ಮೇಲೆ ನಮ್ಮ ಕಣ್ಣಿದೆ.

ಈಗ ನಮ್ಮ ನಮ್ಮ ಕೈಲಾಗುವ ಕೆಲಸಕ್ಕೆ ಬರೋಣ. ಎಪ್ಪತ್ತರ ದಶಕದಲ್ಲಿ ‘ಪಂಚಮ’, ‘ಶೂದ್ರ’ಗಳನ್ನು ಕೈಗಾಡಿಯ ಹಾಗೆ ತಳ್ಳಿದ ಹಿರಿಯರು ಯಾವ ಎಪಿಸಿಯನ್ನೂ ಕೇಳಲಿಲ್ಲ. ಆ ಕಾಲದ ಪತ್ರಿಕೆ, ಕರಪತ್ರ, ಜಾಥಾದ ಹಾಡಿನ ಪುಸ್ತಿಕೆಗಳ ಎಷ್ಟೋ ಪ್ರತಿಗಳು ಈಗ ಯಾರ ಅಟ್ಟದ ಮೇಲಿವೆಯೋ, ಯಾವ ಗೆದ್ದಲಿನ ಬಾಯಲ್ಲಿವೆಯೋ. ನಾಳೆ ಅವು ಯಾವುದೋ ದೇಶದ ವಿಶ್ವವಿದ್ಯಾಲಯದ ಬೀಗದ ಹಿಂದೆ ಸೇರಿ, ನಮ್ಮ ಮೊಮ್ಮಕ್ಕಳು ಡಾಲರು ಕೊಟ್ಟು ನೋಡುವ ಹಾಗೆ ಆಗಬಾರದು. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಗೆಳೆಯರ ಗುಂಪು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವಿಗೆ ಏರಿಸುತ್ತಿದೆ. ಯಾರು ಬೇಕಾದರೂ ಓದಬಹುದು. ಅಲ್ಲಿ ನಮ್ಮವು ಎಷ್ಟಿವೆ?

ಹಾಗಾಗಿ, ಮನೆಯಲ್ಲಿ ಹಳೆಯ ಸಂಚಿಕೆ ಇದ್ದವರು ಅಟ್ಟದಿಂದ ಕೆಳಗಿಳಿಸಿ. ಮೊದಲು ಬಿಸಿಲಿಗೆ ಹಾಕಿ, ದೂಳು ಒರೆಸಿ. ಸ್ಕ್ಯಾನರು ಇಲ್ಲವೆಂದು ಕೂರಬೇಡಿ, ಕಿಟಕಿಯ ಬೆಳಕಿನಲ್ಲಿ ಫೋನಿನಲ್ಲೇ ಪುಟ ಪುಟವಾಗಿ ಚಿತ್ರ ತೆಗೆಯಿರಿ. ಬರೆದವರು ಬದುಕಿದ್ದರೆ ಅವರ ಒಪ್ಪಿಗೆಯನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಿ, ತೀರಿಕೊಂಡಿದ್ದರೆ ಮನೆಯವರನ್ನು ಕೇಳಿ. ಮೇಷ್ಟರುಗಳೇ, ನಿಮ್ಮ ಶಾಲೆಯ ಮಕ್ಕಳ ಅಜ್ಜಿಯರಲ್ಲಿ ಹಾಡು ಗೊತ್ತಿದ್ದವರು ಇದ್ದರೆ ಈ ಬೇಸಿಗೆ ಮುಗಿಯುವುದರೊಳಗೆ ಧ್ವನಿ ಹಿಡಿದಿಡಿ, ಹಾಡಿದವರ ಹೆಸರು, ಊರು, ತಾರೀಖು ಸಮೇತ. ಯೂನಿಕೋಡಿನಲ್ಲಿ ಟೈಪು ಮಾಡಿ ಏರಿಸುವುದಕ್ಕೆ ನಾವು ಐದಾರು ಜನ ಇದ್ದೇವೆ, ಭಾನುವಾರಗಳನ್ನು ಬಿಟ್ಟುಕೊಟ್ಟಿದ್ದೇವೆ. ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಸೂಲಗಿತ್ತಿಯರ ಹಾಡು ಯಾರಲ್ಲಾದರೂ ಇದ್ದರೆ ಮೊದಲು ಅದನ್ನು ಕಳಿಸಿ.